ಮುನ್ನೂರರ ಪ್ರೊಸೆಸರು, ನಾನೂರೈವತ್ತರ ಓಟ

ಮೊನ್ನೆ ಅಕ್ಕನ ಮಗ ಫೋನು ಮಾಡಿದ್ದ. "ಮಾಮ, ಅರವತ್ತು ಸಾವಿರದೊಳಗೆ ಒಂದು ಗೇಮಿಂಗ್ ಪಿಸಿ ಮಾಡಿಸ್ಬೇಕು. ಎಲ್ಲಿ ದುಡ್ಡು ಹಾಕ್ಲಿ, ಎಲ್ಲಿ ಉಳಿಸ್ಲಿ?" ಪ್ರಶ್ನೆ ಅವನಿಗೆ ಹೊಸದು. ಆದರೆ ಅದರ ಹಿಂದೆ ನಲವತ್ತು ವರ್ಷದ ಚರಿತ್ರೆಯೇ ಇದೆ ನೋಡಿ.

ಬಿಡಿಭಾಗ ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗೆ ಸಿಕ್ಕಿದ್ದು ಐಬಿಎಂನ ಅವಸರದಿಂದ. 1981ರ ಆಗಸ್ಟ್‌ನಲ್ಲಿ ಬಂದ ತನ್ನ ಪಿಸಿಯನ್ನು ಅದು ಸುಮಾರು ಒಂದೇ ವರ್ಷದಲ್ಲಿ ಸಿದ್ಧಪಡಿಸಿತು. ಎಲ್ಲವನ್ನೂ ತಾನೇ ತಯಾರಿಸುತ್ತ ಕೂರಲು ಪುರುಸೊತ್ತೆಲ್ಲಿ? ಪ್ರೊಸೆಸರ್ ಇಂಟೆಲ್‌ನದು, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್‌ನದು. ಬೇರೆಯವರೂ ಕಾರ್ಡು ಮಾಡಲಿ ಅಂತ ಸರ್ಕ್ಯೂಟ್ ನಕ್ಷೆಗಳನ್ನೇ ಪುಸ್ತಕ ಮಾಡಿ ಮಾರಿತು. ಗಟ್ಟಿಯಾಗಿ ತನ್ನದು ಅಂತ ಉಳಿದದ್ದು ಬಯಾಸ್ ಎಂಬ ಪುಟ್ಟ ಪ್ರೋಗ್ರಾಮು. ಕಾಂಪ್ಯಾಕ್ ಕಂಪನಿ ಅದನ್ನು ನಕಲು ಹೊಡೆಯದೆ, ಅದೇ ಕೆಲಸ ಮಾಡುವಂಥದ್ದನ್ನು ಹೊಸದಾಗಿ ಬರೆದು, 1983ರಲ್ಲಿ ತನ್ನದೇ ಪಿಸಿ ಮಾರತೊಡಗಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆಯನ್ನು ಗೊತ್ತುಮಾಡಿದ ಮೇಲಂತೂ ಯಾರದೋ ಬೋರ್ಡು ಯಾರದೋ ಕ್ಯಾಬಿನೆಟ್ಟಿನಲ್ಲಿ ಸಲೀಸಾಗಿ ಕೂರತೊಡಗಿತು.

ಇನ್ನು 1998ಕ್ಕೆ ಬನ್ನಿ. ಆ ಏಪ್ರಿಲ್‌ನಲ್ಲಿ ಇಂಟೆಲ್ ಸೆಲೆರಾನ್ ಅನ್ನೋ ಅಗ್ಗದ ಪ್ರೊಸೆಸರ್ ಬಿಟ್ಟಿತು. ಖರ್ಚು ಉಳಿಸಲು ಎರಡನೇ ಹಂತದ ಕ್ಯಾಷ್ ಮೆಮೊರಿಯನ್ನೇ ಕಿತ್ತುಹಾಕಿತ್ತು. ಕ್ಯಾಷ್ ಅಂದರೆ ಒಲೆ ಪಕ್ಕದ ಒಗ್ಗರಣೆ ಡಬ್ಬಿ ಇದ್ದ ಹಾಗೆ. ಅದಿಲ್ಲದಿದ್ದರೆ ಸಾಸಿವೆ ಬೇಕಾದಾಗಲೆಲ್ಲ ಉಗ್ರಾಣಕ್ಕೆ ಓಡಬೇಕು. ಜನ ಮೂಗು ಮುರಿದರು. ಆಗಸ್ಟ್‌ನಲ್ಲಿ ಸೆಲೆರಾನ್ 300ಎ ಬಂತು. ಈ ಸಲ 128 ಕಿಲೋಬೈಟ್ ಕ್ಯಾಷ್ ಚಿಪ್ಪಿನೊಳಗೇ ಇತ್ತು, ಪ್ರೊಸೆಸರಿನಷ್ಟೇ ವೇಗದಲ್ಲಿ ಓಡುತ್ತಿತ್ತು. ದುಬಾರಿ ಪೆಂಟಿಯಂ 2ರಲ್ಲಿ 512 ಕಿಲೋಬೈಟ್ ಇದ್ದರೂ ಅದರ ವೇಗ ಅರ್ಧ. ಸೆಲೆರಾನಿನ ಸಗಟು ಬೆಲೆ 149 ಡಾಲರ್. 450 ಮೆಗಾಹರ್ಟ್ಸ್‌ನ ಪೆಂಟಿಯಂ 2ಕ್ಕೆ 669.

ಇಲ್ಲೊಂದು ಸರಳ ಗುಣಾಕಾರವಿತ್ತು. ಬೋರ್ಡಿನ ವೇಗ 66, ಅದನ್ನು ನಾಲ್ಕೂವರೆಯಿಂದ ಗುಣಿಸಿದರೆ 300. ನಾಲ್ಕೂವರೆಯನ್ನು ಬದಲಿಸದಂತೆ ಇಂಟೆಲ್ ಬೀಗ ಹಾಕಿತ್ತು. ಆದರೆ ಬಿಎಕ್ಸ್ ಚಿಪ್‌ಸೆಟ್ಟಿನ ಮದರ್‌ಬೋರ್ಡ್‌ನಲ್ಲಿ 66ರ ಜಾಗಕ್ಕೆ 100 ಹಾಕಬಹುದಿತ್ತು. ಹಾಕಿದರೆ 450! ಕಂಪನಿಯ ಗ್ಯಾರಂಟಿ ಇಲ್ಲ, ಎಲ್ಲ ಚಿಪ್ಪೂ ತಡೆಯುತ್ತದೆ ಅಂತಲೂ ಇಲ್ಲ. ಆದರೂ ಎಷ್ಟೋ ಚಿಪ್ಪುಗಳು ತಡೆದವು. ಕಡಿಮೆ ದುಡ್ಡಿನ ಹುಡುಗರು ಪ್ರೊಸೆಸರಿನಲ್ಲಿ ಉಳಿಸಿದ್ದನ್ನು ವೂಡೂ 2 ಥರದ ಗ್ರಾಫಿಕ್ಸ್ ಕಾರ್ಡಿಗೆ ಸುರಿದರು.

ಆ ಹುಡುಗರಲ್ಲಿ ನಾನೂ ಒಬ್ಬ. 1999ರಲ್ಲಿ ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡನ್ನು ಒಳಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ. ಪ್ರೊಸೆಸರು, ಬೋರ್ಡು, ಕಾರ್ಡು ಎಲ್ಲ ಲೆಕ್ಕದಂತೆ ತಂದೆ. ಆದರೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಬಗ್ಗೆ ಯೋಚಿಸಲೇ ಇಲ್ಲ. ಅಗ್ಗದ ಕ್ಯಾಬಿನೆಟ್ ಜೊತೆ ಹೆಸರಿಲ್ಲದ್ದೊಂದು ಬಂದಿತ್ತು, ಸಾಕು ಅಂದುಕೊಂಡೆ. ಐದು ತಿಂಗಳು 450ರಲ್ಲಿ ಓಡಿತು. ಒಂದು ಭಾನುವಾರ ಟಪ್ ಅಂತು, ಸುಟ್ಟ ವಾಸನೆ ಬಂತು. ಎಸ್‌ಎಂಪಿಎಸ್ ತಾನು ಹೋಗುವುದರ ಜೊತೆಗೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಚೀಟಿಯ ಕಂತು ಇನ್ನೂ ಏಳು ತಿಂಗಳು ಬಾಕಿಯಿತ್ತು. ಅಮ್ಮ ಬೈಯಲಿಲ್ಲ. "ಸೋನಾ ಮಸೂರಿ ತಂದು ತೂತು ಪಾತ್ರೇಲಿ ಇಟ್ಟೆ ಕಣೋ" ಅಂದರು, ಅಷ್ಟೆ.

ಅಳಿಯನಿಗೆ ಈ ಕತೆಯನ್ನೇ ಹೇಳಿದೆ. ಆಟದ ಪಿಸಿಗೆ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ಪ್ರೊಸೆಸರ್ ಮಧ್ಯಮದ್ದಾದರೆ ನಡೆಯುತ್ತೆ. ಬೋರ್ಡಿನಲ್ಲಿ ಸ್ಲಾಟ್ ಖಾಲಿಯಿದ್ದರೆ ರ‍್ಯಾಮ್ ಆಮೇಲೂ ಹಾಕಿಸಬಹುದು. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಚೌಕಾಸಿ ಬೇಡ.

ಅವನ ಪಟ್ಟಿಯಲ್ಲಿ ಬಣ್ಣದ ದೀಪಗಳ ಗಾಜಿನ ಕ್ಯಾಬಿನೆಟ್ ಇತ್ತು. ಎಸ್‌ಎಂಪಿಎಸ್ ಎದುರಿಗೆ "ಯಾವ್ದಾದ್ರೂ" ಅಂತ ಬರೆದಿದ್ದ. ರಾತ್ರಿ ಹೊಸ ಪಟ್ಟಿ ಬಂತು. ದೀಪಗಳು ಹೋಗಿದ್ದವು, ಎಸ್‌ಎಂಪಿಎಸ್‌ಗೆ ಹೆಸರು, ವ್ಯಾಟ್, ವಾರಂಟಿ ಎಲ್ಲ ಬಂದಿದ್ದವು. ಕೆಳಗೆ ಒಂದು ಸಾಲು: "ಅಜ್ಜಿಗೂ ತೋರಿಸ್ದೆ ಮಾಮ. ಪಾತ್ರೆ ಗಟ್ಟಿ ಇದೆ ಅಂದ್ರು."