ಕೀವ್ ನಗರದ ಹೊಸ್ತಿಲು

ನಗರಗಳ ಚರಿತ್ರೆಯನ್ನು ನಾವು ಕೋಟೆಕೊತ್ತಲಗಳಲ್ಲಿ, ಅರಸರ ಶಾಸನಗಳಲ್ಲಿ ಹುಡುಕುವುದು ವಾಡಿಕೆ. ಆದರೆ ಯುಕ್ರೇನಿನ ಕೀವ್ ನಗರದ 1986ರ ಚರಿತ್ರೆಯನ್ನು ಹೊಸ್ತಿಲಿನ ಒದ್ದೆಬಟ್ಟೆಯಲ್ಲಿ, ಮಗುವಿನ ಹಾಲಿನ ಲೋಟದಲ್ಲಿ ಹುಡುಕಬೇಕೆಂದು ನಾನು ಬಗೆಯುತ್ತೇನೆ.

ಆ ವರ್ಷ ಏಪ್ರಿಲ್ 26ರ ನಡುರಾತ್ರಿ ಕಳೆದ ಮೇಲೆ, ನಗರದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಚೆರ್ನೋಬಿಲ್ ಸ್ಥಾವರದ ನಾಲ್ಕನೆಯ ರಿಯಾಕ್ಟರ್ ಸ್ಫೋಟಿಸಿತು. ಮರುದಿನ ಪಕ್ಕದ ಪ್ರಿಪ್ಯಾತ್ ಪಟ್ಟಣ ಬರಿದಾಯಿತು. 28ರ ರಾತ್ರಿ ಸೋವಿಯತ್ ದೂರದರ್ಶನ ಕೆಲವೇ ವಾಕ್ಯಗಳಲ್ಲಿ ಅಪಘಾತವನ್ನು ಒಪ್ಪಿಕೊಂಡಿತು. ತಿಂಗಳ ಕೊನೆಗೆ ಗಾಳಿ ಕೀವ್‌ನತ್ತ ತಿರುಗಿತು. ಆದರೂ ಮೇ 1ರಂದು ಅಲ್ಲಿಯ ರಾಜಬೀದಿಯಲ್ಲಿ, ಮಕ್ಕಳೂ ಸೇರಿದಂತೆ, ಮೆರವಣಿಗೆ ನಡೆದೇ ನಡೆಯಿತು.

ಜನರಿಗೆ ವಿವರವಾದ ಎಚ್ಚರಿಕೆ ದೊರೆತದ್ದು ಮೇ ತಿಂಗಳ ಮೊದಲ ವಾರ ಕಳೆಯುವ ಹೊತ್ತಿಗೆ: ಕಿಟಕಿಗಳನ್ನು ಮುಚ್ಚಿರಿ, ನೆಲವನ್ನು ಒದ್ದೆಬಟ್ಟೆಯಿಂದ ಒರೆಸಿರಿ. ನೀರಿನ ಲಾರಿಗಳು ಮತ್ತೆ ಮತ್ತೆ ಬೀದಿ ತೊಳೆದವು. ಶಾಲೆಗಳು ಅವಧಿಗೆ ಮುನ್ನ ಮುಚ್ಚಿದವು. ಮಕ್ಕಳನ್ನು ದೂರದ ಊರುಗಳಿಗೆ ಕಳುಹಿಸಿದರು. ಅಷ್ಟರಲ್ಲಿ, ಕೆಂಪು ದ್ರಾಕ್ಷಾರಸ ವಿಕಿರಣಕ್ಕೆ ಮದ್ದೆಂಬ ವದಂತಿ ಮನೆಮನೆಗೂ ಹಬ್ಬಿತ್ತು. ಅಧಿಕಾರಸ್ಥರು ಬಾಯಿ ಮುಚ್ಚಿಕೊಂಡಾಗ ವದಂತಿಯೇ ವೈದ್ಯನಾಗುತ್ತದೆ.

ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಈ ವಿಷಕ್ಕೂ ಒಂದು ಲೆಕ್ಕವಿದೆ. ವಿಕಿರಣಶೀಲ ಅಯೋಡಿನ್ 8 ದಿನಗಳಿಗೊಮ್ಮೆ ಅರ್ಧವಾಗುತ್ತದೆ. ಅದು ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಗುವಿನ ಥೈರಾಯಿಡ್ ಗ್ರಂಥಿಗೆ ಸೇರುತ್ತದೆ. ಸೀಸಿಯಂ ಅರ್ಧವಾಗಲು 30 ವರ್ಷ ಬೇಕು; ಕಾಡಿನ ಮಣ್ಣಿನಲ್ಲಿ ನಿಂತು ಅಣಬೆಯಲ್ಲಿ, ಕಾಡುಹಣ್ಣಿನಲ್ಲಿ ಮರಳಿ ಬರುತ್ತದೆ. ಆದುದರಿಂದಲೇ ಕೀವ್‌ನ ಮಾರುಕಟ್ಟೆಗಳಲ್ಲಿ ತಕ್ಕಡಿಯ ಜೊತೆಗೆ ವಿಕಿರಣ ಅಳೆಯುವ ಉಪಕರಣವೂ ಬಂದು ಕೂತಿತು. ಅಣಬೆ ಮಾರುವ ಅಜ್ಜಿಯೂ ಪರೀಕ್ಷೆಯ ಚೀಟಿ ತೋರಿಸಬೇಕಾಯಿತು.

ಅಯೋಡಿನ್ನಿನ ಹಾವಳಿಯನ್ನು ಬಹುಮಟ್ಟಿಗೆ ತಪ್ಪಿಸಲು ಕೆಲವು ವಾರ ಹೊಸಹಾಲನ್ನು ಬಿಟ್ಟಿದ್ದರೆ ಸಾಕಾಗಿತ್ತು. ಹೇಳುವವರು ತಡಮಾಡಿದರು. ಯುಕ್ರೇನ್, ಬೆಲಾರುಸ್ ಮತ್ತು ರಷ್ಯಾದ ಪೀಡಿತ ಪ್ರದೇಶಗಳಲ್ಲಿ ಆಗ ಎಳೆಯರಾಗಿದ್ದವರ ಪೈಕಿ 2005ರ ವೇಳೆಗೆ 6,000ಕ್ಕೂ ಹೆಚ್ಚು ಮಂದಿಗೆ ಥೈರಾಯಿಡ್ ಕ್ಯಾನ್ಸರ್ ಕಂಡುಬಂದಿತ್ತು. ಅದರ ಗಣನೀಯ ಪಾಲಿಗೆ ಆ ಹಾಲೇ ಕಾರಣವಿರಬಹುದೆಂದು ತಜ್ಞರು ತಿಳಿಸಿದ್ದಾರೆ. ಮನೆಯ ಹಸುವಿನ ಹಾಲು ಕುಡಿದ ಹಳ್ಳಿಯ ಮಕ್ಕಳಿಗೆ ಪೆಟ್ಟು ಹೆಚ್ಚು. ಚಿಕಿತ್ಸೆಯಿಂದ ಹೆಚ್ಚಿನವರು ಬದುಕಿಕೊಂಡರು. ಕೊರಳಿನ ಗಾಯದ ಗುರುತು ಉಳಿಯಿತು.

ಜನ ಗಾಬರಿಗೊಂಡಾರು ಎಂಬುದು ಅಂದಿನ ಮೌನಕ್ಕೆ ಕೊಟ್ಟ ಸಮರ್ಥನೆ. ಬಾನುಲಿಯ ಮುಂದೆ ಕುಳಿತು ಇದನ್ನು ಹೇಳುವಾಗ ನನಗೆ ಅನ್ನಿಸುವುದಿಷ್ಟೆ: ಅಂದು ಕೀವ್‌ನ ಮನೆಮನೆಯಲ್ಲಿಯೂ ಇಂಥದೊಂದು ಪೆಟ್ಟಿಗೆ ಇತ್ತು. ಅದು ಹೇಳಬೇಕಾಗಿದ್ದುದು ಒಂದೇ ಮಾತು, “ತಾಯಂದಿರೇ, ಈ ವಾರ ಹಾಲು ಬೇಡ.”