ಎತ್ತಿನ ಲಾಳಕ್ಕೆ ವಿದೇಶಿ ಮೊಳೆಯೇ ಬೇಕೇ?

ಹೇಳಿಕೆ: ದೇಶೀ ಮೊಳೆ ತುಕ್ಕು ಹಿಡಿದು ಎತ್ತಿಗೆ ಧನುರ್ವಾಯು ಬರುತ್ತದೆ, ವಿದೇಶಿ ಮೊಳೆಯೇ ಸುರಕ್ಷಿತ.

ಸತ್ಯಾಂಶ: ತಪ್ಪು.

ನಂಜನಗೂಡು, ಟಿ. ನರಸೀಪುರದ ಕಡೆ ಗಾಡಿ ಎತ್ತುಗಳಿಗೆ ಲಾಳ ಕಟ್ಟಿಸುವುದು ಡಾಂಬರು ರಸ್ತೆಯಲ್ಲಿ ಗೊರಸು ಸವೆಯದಿರಲೆಂದು. ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆ ಕೆರಟಿನ್; ಅಲ್ಲಿ ನರವಿಲ್ಲ, ನೋವಿಲ್ಲ. ಮೊಳೆ ಒಳಗಿನ ಜೀವಭಾಗಕ್ಕೆ ತಾಗಿದರೆ ಮಾತ್ರ ನೋವು, ಕೀವು.

ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣು-ಸಗಣಿಯಲ್ಲಿರುವ ಬ್ಯಾಕ್ಟೀರಿಯಾ. ಗಾಯವಾದರೆ ಹೊಚ್ಚಹೊಸ ಮೊಳೆಯಿಂದಲೂ ಬರಬಹುದು.

ಕೊಳ್ಳುವಾಗ: ಕಾರ್ಖಾನೆ ಯಾವ ದೇಶದಲ್ಲೇ ಇರಲಿ, ಆಕಾರ ನೋಡಿ. ಲಾಳದ ಮೊಳೆ ಚಪ್ಪಟೆ, ತುದಿ ಒಂದು ಬದಿಗೆ ಓರೆ. ಆದ್ದರಿಂದಲೇ ಅದು ಹೊರಕ್ಕೆ ಬಾಗಿ ಬರುತ್ತದೆ. ಮರಕ್ಕೆ ಹೊಡೆಯುವ ದುಂಡು ಮೊಳೆ ನೇರ ಒಳಹೋಗುತ್ತದೆ, ಬಳಸಬೇಡಿ.

ಲಾಳ ಕಟ್ಟಿಸಿದ ಮೇಲೆ ಎತ್ತು ಕುಂಟಿದರೆ ಕಾಯಬೇಡಿ, ಪಶುವೈದ್ಯರಿಗೆ ತೋರಿಸಿ.