ಕುಡಿದ ಇಲಿಗೆ ಒಳಗೆ ಏನನ್ನಿಸುತ್ತೆ?

ನಾನು ಸಣ್ಣವನಿದ್ದಾಗ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಬ್ಬ ಅಜ್ಜ ಇದ್ದ. ದಿನಾ ಸಂಜೆ ಸಾರಾಯಿ ಪಾಕೀಟು ಬೇಕೇ ಬೇಕು. (ಕರ್ನಾಟಕದಲ್ಲಿ ಸಾರಾಯಿ ಬಂದ್ ಆಗಿದ್ದು 2007ರ ಜುಲೈನಲ್ಲಿ, ಇದು ಅದಕ್ಕೂ ಬಹಳ ಹಿಂದಿನ ಮಾತು.) ಒಮ್ಮೆ ಮತ್ತಿನಲ್ಲಿ, ಮಗಳ ಮದುವೆಗೆ ಕೂಡಿಟ್ಟಿದ್ದ ದುಡ್ಡಿನ ಗಂಟನ್ನು ಎಲ್ಲೋ ಬಚ್ಚಿಟ್ಟ. ಬೆಳಿಗ್ಗೆ ನೆನಪೇ ಇಲ್ಲ! ಅಜ್ಜಿ ಅತ್ತೂ ಅತ್ತೂ ಸುಸ್ತಾದಳು. ಇವನನ್ನ ಧಾರವಾಡಕ್ಕೆ ಕಳಿಸ್ರಿ ಅಂದರು ಓಣಿಯವರು. ಧಾರವಾಡ ಅಂದರೆ 1845ರಲ್ಲಿ ಶುರುವಾದ ಅಲ್ಲಿನ ಮಾನಸಿಕ ಆಸ್ಪತ್ರೆ, ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ :) ಅಜ್ಜ ಮಾತ್ರ "ಒಂದ್ ಪಾಕೀಟ ಕೊಡಸ್ರಿ, ನೆನಪಾಗ್ತೈತಿ" ಅಂದ. ಎಲ್ಲರೂ ಬೈದರು. ಸಂಜೆ ಎಲ್ಲೋ ಕುಡಿದು ಬಂದವನೇ ನೇರ ಕೊಟ್ಟಿಗೆಗೆ ಹೋಗಿ, ಹೊಟ್ಟಿನ ಚೀಲಕ್ಕೆ ಕೈಹಾಕಿ ಗಂಟು ತೆಗೆದ!

ಇದು ಬರೀ ಓಣಿಯ ಕಥೆ ಅಂದುಕೊಂಡಿದ್ದೆ. ಆಮೇಲೆ ಓದಿದರೆ, 19ನೇ ಶತಮಾನದಲ್ಲೇ ಸ್ಕಾಟ್ಲೆಂಡಿನ ಜಾರ್ಜ್ ಕೂಂಬ್ ಇಂಥದ್ದೇ ಪ್ರಸಂಗ ಬರೆದಿಟ್ಟಿದ್ದಾನೆ. ಅಲ್ಲಿ ಐರಿಷ್ ಹಮಾಲ, ಕಳೆದದ್ದು ಪಾರ್ಸೆಲ್ಲು. ಮತ್ತೆ ಕುಡಿದಾಗ ಎಲ್ಲಿ ಬಿಟ್ಟೆ ಅಂತ ನೆನಪಾಯಿತಂತೆ.

ಕಥೆ ಪ್ರಯೋಗಶಾಲೆಗೆ ಬಂದಿದ್ದು ತೀರಾ ತಡವಾಗಿ. 1951ರಲ್ಲಿ ಅಮೆರಿಕದ ಜಾನ್ ಕಾಂಗರ್ ಇಲಿಗಳಿಗೆ ಆಲ್ಕೋಹಾಲ್ ಕೊಟ್ಟು ನೋಡಿದ. ಅವನಿಗೆ ಬೇಕಿದ್ದದ್ದು ಬೇರೆ: ಊಟ ಸಿಗುವ ಜಾಗದಲ್ಲೇ ಶಾಕ್ ಕೂಡ ಹೊಡೆದರೆ, ಆ ಅಂಜಿಕೆಯನ್ನು ಕುಡಿತ ಕಡಿಮೆ ಮಾಡುತ್ತದೆಯೇ ಅಂತ. (ಮಾಡುತ್ತದೆ.) ಜೊತೆಗೆ ಇನ್ನೊಂದು ಸಿಕ್ಕಿತು. ಕುಡಿದಾಗ ಹತ್ತಿರ ಹೋಗು, ಕುಡಿಯದಿದ್ದಾಗ ದೂರ ನಿಲ್ಲು ಅಂತ ಕಲಿಸಿದರೆ ಇಲಿ ಕಲಿಯಿತು. ಉಲ್ಟಾ ಕಲಿಸಿದರೆ ಅದನ್ನೂ ಕಲಿಯಿತು! ಹೊರಗೆ ದೀಪವಿಲ್ಲ, ಗಂಟೆಯಿಲ್ಲ. ಗುರುತು ಒಳಗಿನದು ಮಾತ್ರ.

ನನಗೆ ರೋಮಾಂಚನವಾಗಿದ್ದು ಇಲ್ಲಿ. ಅಜ್ಜ ಕುಡಿದಿದ್ದು ಅಜ್ಜಿಗೆ ಅಗುಳಿ ತೆಗೆಯುವ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಆದರೆ ಅವನಿಗೆ ಒಳಗೆ ಏನನ್ನಿಸುತ್ತಿತ್ತು? ಅದನ್ನು ಮಾತು ಬರುವ ಮನುಷ್ಯನೇ ಹೇಳಲಾರ. ಇಲಿಯ ಬಾಯಿ ಬಿಡಿಸೋದು ಹೇಗೆ?

1964ರಲ್ಲಿ ಡೊನಾಲ್ಡ್ ಓವರ್ಟನ್ ಇದನ್ನೇ ಬೆನ್ನು ಹತ್ತಿದ. ಪೆಂಟೊಬಾರ್ಬಿಟಾಲ್ ಎಂಬ ನಿದ್ದೆಯ ಔಷಧಿ ಕೊಟ್ಟ ದಿನ ಒಂದು ಕಡೆ ತಿರುಗಬೇಕು, ಕೊಡದ ದಿನ ಇನ್ನೊಂದು ಕಡೆ, ಇಲ್ಲದಿದ್ದರೆ ಶಾಕ್. ನನಗೆ ಹಿಡಿಸದ ಭಾಗ ಇದೇ. ಪುಣ್ಯಕ್ಕೆ ಮುಂದೆ ಊಟ ಕೊಡುವ ಎರಡು ಸನ್ನೆಗಳ ಪೆಟ್ಟಿಗೆ ಬಂತು. ಆಲ್ಕೋಹಾಲ್ ಕೊಟ್ಟ ದಿನ ಒಂದು ಸನ್ನೆ ಒತ್ತಿದರೆ ಊಟ, ಉಪ್ಪುನೀರು ಕೊಟ್ಟ ದಿನ ಇನ್ನೊಂದು. ಪಾಠ ಗಟ್ಟಿಯಾದ ಮೇಲೆ ಬೇರೆ ಯಾವುದೋ ಔಷಧಿ ಕೊಟ್ಟು ನೋಡೋದು. ಆಲ್ಕೋಹಾಲಿನ ಸನ್ನೆ ಒತ್ತಿದರೆ, 'ಇದೂ ಹಂಗೇ ಅನ್ನಿಸ್ತಿದೆ' ಅಂತ ಇಲಿ ಹೇಳಿದ ಹಾಗೆ!

ಹೀಗೆ ಕೇಳುತ್ತಾ ಹೋಗಿ ಗೊತ್ತಾಗಿದ್ದೇನೆಂದರೆ, ಕುಡಿದ ಅನುಭವ ಒಂದೇ ಬಣ್ಣದ್ದಲ್ಲ. ಮಿದುಳನ್ನು ತಣ್ಣಗೆ ಮಾಡುವ 'ಗಾಬಾ' ವ್ಯವಸ್ಥೆಯನ್ನು ಹೆಚ್ಚಿಸುವ ಔಷಧಿಗಳಿಗೂ ಇಲಿ ಆ ಸನ್ನೆ ಒತ್ತುತ್ತದೆ, 'ಎನ್‌ಎಂಡಿಎ' ಎಂಬ ಗ್ರಾಹಕಗಳನ್ನು ತಡೆಯುವ ಔಷಧಿಗಳಿಗೂ ಒತ್ತುತ್ತದೆ. ಕ್ಯಾಥ್ಲೀನ್ ಗ್ರಾಂಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದಂತೆ ಯಾವ ರುಚಿ ಮುಂದೆ ಬರುತ್ತದೆ ಅನ್ನೋದು ಪ್ರಮಾಣದ ಮೇಲೂ ಇದೆ. ಮೊದಲ ಗುಟುಕಿನ ಅಜ್ಜನೂ ಮೂರನೇ ಪಾಕೀಟಿನ ಅಜ್ಜನೂ ಬೇರೆ ಬೇರೆ ಅಂತ ಅಜ್ಜಿಗೆ ಮೊದಲೇ ಗೊತ್ತಿತ್ತು ಬಿಡಿ.

ಇದೇ ಪ್ರಶ್ನೆಯನ್ನು ಮನುಷ್ಯರಲ್ಲಿ ಬೇರೆ ದಾರಿಯಿಂದ ಹಿಡಿದವನು ಮಾರ್ಕ್ ಶುಕಿಟ್. 1994ರಲ್ಲಿ ಅವನು ಪ್ರಕಟಿಸಿದ್ದು ನನ್ನನ್ನು ಬಹಳ ಕಾಡಿದೆ. ಇಪ್ಪತ್ತರ ವಯಸ್ಸಿನಲ್ಲಿ ಕುಡಿದರೂ ಅಷ್ಟಾಗಿ ಏರದ ಹುಡುಗರೇ ಮುಂದೆ ಹೆಚ್ಚಾಗಿ ಚಟಕ್ಕೆ ಬಿದ್ದಿದ್ದರು. ನಮ್ಮಲ್ಲಿ 'ಎಷ್ಟ್ ಕುಡದ್ರೂ ಅಲ್ಲಾಡಂಗಿಲ್ಲ, ಗಂಡಸು' ಅಂತ ಹೊಗಳುತ್ತಾರಲ್ಲ, ಆ ಹುಡುಗರು!

ಅಜ್ಜನನ್ನೂ ಹರೆಯದಲ್ಲಿ ಹಾಗೇ ಹೊಗಳುತ್ತಿದ್ದರಂತೆ. ಬೆಳಿಗ್ಗೆ ಸಿದ್ಧಾರೂಢ ಮಠದಲ್ಲಿ ಆಣೆ ಮಾಡಿ ಬರುತ್ತಿದ್ದ, ಸಂಜೆಗೆ ಆ ಆಣೆ ಎಲ್ಲಿರುತ್ತಿತ್ತೋ. ಗಂಟು ಸಿಕ್ಕ ರಾತ್ರಿಯೇ ಅಜ್ಜಿ ಅದನ್ನು ತಂದು ನಮ್ಮ ಅವ್ವನ ಕೈಗೆ ಕೊಟ್ಟಳು. ಮದುವೆಯವರೆಗೂ ನಮ್ಮ ಮನೆಯ ಅಕ್ಕಿ ಡಬ್ಬದಲ್ಲಿತ್ತು.